ಸಾಲ್ಟ್ ಲೇಕ್ ಸಿಟಿಯೋ, ಸೇಂಟ್ ಜಾರ್ಜೋ?

ಅಮೆರಿಕದ ಯೂಟಾ ರಾಜ್ಯಕ್ಕೆ ಹೊರಟಿದ್ದೀರಿ, ಕಾರು ಓಡಿಸೋದು ಬೇಡ ಅಂದ್ರೆ ಸುಮ್ನೆ ಸಾಲ್ಟ್ ಲೇಕ್ ಸಿಟಿ ಆರಿಸಿಕೊಳ್ಳಿ. ವಿಮಾನ ನಿಲ್ದಾಣದಿಂದಲೇ ಟ್ರಾಮ್ ಇದೆ. 1847ರಲ್ಲಿ ಮಾರ್ಮನ್ನರು, ಅಂದ್ರೆ ಅಮೆರಿಕದಲ್ಲೇ ಹುಟ್ಟಿದ ಒಂದು ಕ್ರೈಸ್ತ ಪಂಗಡದವರು, ಕಟ್ಟಿದ ಊರು. ಅಲ್ಲಿನ ದೇವಾಲಯ ಒಂದಕ್ಕೇ 40 ವರ್ಷ ಹಿಡಿಯಿತು. ಪಕ್ಕದ ಟ್ಯಾಬರ್ನಕಲ್ ಸಭಾಂಗಣ ತಪ್ಪಿಸಬೇಡಿ. ವೇದಿಕೆ ಮೇಲೆ ಗುಂಡುಸೂಜಿ ಬಿದ್ದರೂ ಹಿಂದಿನ ಸಾಲಿಗೆ ಕೇಳಿಸುತ್ತದೆ, ಅದೂ ಮೈಕಿಲ್ಲದೆ! ಚಳಿಗಾಲದಲ್ಲಿ ಹತ್ತಿರದ ಬೆಟ್ಟಗಳಲ್ಲಿ ಸ್ಕೀಯಿಂಗ್ ಬೇರೆ.

ಸೇಂಟ್ ಜಾರ್ಜ್ ದಕ್ಷಿಣಕ್ಕೆ, ಕಾರಲ್ಲಿ ನಾಲ್ಕು ಗಂಟೆಗೂ ಜಾಸ್ತಿ. ಕೆಂಪು ಬಂಡೆಗಳ ನಡುವೆ 1877ರ ಬಿಳಿ ದೇವಾಲಯ ಎದ್ದು ಕಾಣುತ್ತದೆ. ಜಿಯಾನ್ ಕಣಿವೆಗೆ ಸುಮಾರು ಒಂದು ಗಂಟೆ. ಜುಲೈನಲ್ಲಿ ಬಿಸಿಲು 40 ಡಿಗ್ರಿ ಆಸುಪಾಸು, ಆಗ ಬೇಡವೇ ಬೇಡ. ನವೆಂಬರ್ ಆದ್ರೆ ನನ್ನ ಓಟು ಇದಕ್ಕೇ.

ದೇವಾಲಯದ ಒಳಗೆ ಸಾಮಾನ್ಯವಾಗಿ ಎರಡೂ ಕಡೆ ಹೊರಗಿನವರನ್ನು ಬಿಡುವುದಿಲ್ಲ, ಗೊತ್ತಿರಲಿ.