ಎಕ್ಸ್‌ಚೇಂಜಿಗೆ ಕಾರು ಕೊಡ್ತಿದ್ದೀರಾ? ಖಾಲಿ ಫಾರಂಗೆ ಸಹಿ ಹಾಕಬೇಡಿ

ಹೋದ ವರ್ಷ ನಮ್ಮ 2014ರ ವ್ಯಾಗನ್ ಆರ್ ಮಾರಬೇಕಿತ್ತು. ಮೈಸೂರಿನಲ್ಲೇ ಪರಿಚಯದವರೊಬ್ಬರು 2.40 ಲಕ್ಷಕ್ಕೆ ಕೇಳಿದ್ದರು. ಹೊಸ ಕಾರಿನ ಶೋರೂಮಿನವರು ಎಕ್ಸ್‌ಚೇಂಜಿಗೆ ಹೇಳಿದ್ದು 2.05 ಲಕ್ಷ. ಆದರೂ ಅಲ್ಲೇ ಕೊಟ್ಟೆ. ಆರ್‌ಟಿಒ ಓಡಾಟ ತಪ್ಪುತ್ತೆ, ಅಲ್ವಾ?

"ಟ್ರಾನ್ಸ್‌ಫರ್ ಎಲ್ಲಾ ನಾವೇ ನೋಡ್ಕೋತೀವಿ ಸರ್" ಅಂತ ಅಲ್ಲಿನ ಹುಡುಗ 29 ಮತ್ತು 30ನೇ ನಂಬರಿನ ಫಾರಂ ಮುಂದಿಟ್ಟ. ಸಹಿ ಹಾಕುವ ಕಡೆ ಪೆನ್ಸಿಲ್ಲಿನಲ್ಲಿ ಇಂಟು ಗುರುತು. ಕೊಳ್ಳುವವರ ಹೆಸರು, ವಿಳಾಸ, ತಾರೀಖು ಎಲ್ಲಾ ಖಾಲಿ. ಹಾಗೇ ಸಹಿ ಹಾಕಿಕೊಟ್ಟೆ. ನಾನು ಮಾಡಿದ ದೊಡ್ಡ ತಪ್ಪು ಅದೇ.

ಮೂರು ವಾರದ ಮೇಲೆ ಬೆಳಿಗ್ಗೆ ಒಂದು ಮೆಸೇಜು. ಹಿರಿಯೂರು ಹತ್ತಿರದ ಗುಯಿಲಾಳು ಟೋಲಿನಲ್ಲಿ ನನ್ನ ಫಾಸ್ಟ್ಯಾಗ್‌ನಿಂದ ದುಡ್ಡು ಕಟ್ ಆಗಿತ್ತು. ಅದನ್ನು ಬಂದ್ ಮಾಡಿಸೋದನ್ನೇ ಮರೆತಿದ್ದೆ. ಆಮೇಲೆ ಬೆಂಗಳೂರಿನಿಂದ ಟ್ರಾಫಿಕ್ ದಂಡದ ನೋಟಿಸು, ಒಂದಲ್ಲ ನಾಲ್ಕು. ಫೋಟೋದಲ್ಲಿ ಹಿಂದಿನ ಗಾಜಿನ ಮೇಲೆ ಮಗಳು ಅಂಟಿಸಿದ್ದ ಹಳದಿ ಚಿಟ್ಟೆ ಹಾಗೇ ಇತ್ತು. ವಾಹನದ ದಾಖಲೆ ತೋರಿಸುವ ಸರ್ಕಾರದ ಪರಿವಾಹನ್ ವೆಬ್‌ಸೈಟಿನಲ್ಲಿ ನೋಡಿದರೆ ಮಾಲೀಕ ಇನ್ನೂ ನಾನೇ.

ಶೋರೂಮಿನಲ್ಲಿ ಕೇಳಿದರೆ ಬ್ರೋಕರಿಗೆ ಕೊಟ್ಟೆವು ಅಂದರು. ಆ ಬ್ರೋಕರು ಇನ್ನೊಬ್ಬನಿಗೆ ಕೊಟ್ಟಿದ್ದ. ಕಾರಿನ ಜೊತೆ ನನ್ನ ಸಹಿಯೂ ಕೈಯಿಂದ ಕೈಗೆ ಹೋಗ್ತಾ ಇತ್ತು.

ದಂಡ ಬಿಡಿ, ಕಟ್ಟಬಹುದು. ಆ ಕಾರು ಯಾರಿಗಾದರೂ ಗುದ್ದಿದ್ದರೆ? ಕಾರು ಎಷ್ಟು ಕೈ ಬದಲಾಗಿದ್ದರೂ ಆರ್‌ಸಿಯಲ್ಲಿ ಹೆಸರಿರುವವರೇ ಪರಿಹಾರಕ್ಕೆ ಹೊಣೆ ಅಂತ 2018ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಇದು ಗೊತ್ತಾದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಇದಕ್ಕೆ ದಾರಿ ಇತ್ತು ಅನ್ನೋದೇ ಹೊಟ್ಟೆ ಉರಿಸುತ್ತೆ. 2023ರ ಏಪ್ರಿಲ್‌ನಿಂದ ಹೊಸ ನಿಯಮ ಇದೆ. ಆರ್‌ಟಿಒ ಕೊಟ್ಟ ಅಧಿಕಾರ ಪತ್ರ ಇರುವ ಡೀಲರಿಗೆ ಕಾರು ಕೊಟ್ಟು, ಕಾರು ಡೀಲರಿಗೆ ಕೊಟ್ಟಿದ್ದೇವೆ ಅಂತ ತಿಳಿಸುವ 29ಸಿ ಫಾರಂ ಆನ್‌ಲೈನ್‌ನಲ್ಲಿ ಹಾಕಿದರೆ ಅಲ್ಲಿಂದ ಮುಂದೆ ಜವಾಬ್ದಾರಿ ಡೀಲರದು. ಮೊದಲು ಆ ಪತ್ರ ತೋರಿಸಿ ಅನ್ನಿ. ಇಲ್ಲ ಅಂದರೆ ಕೀ ಕೊಡಬೇಡಿ. ಪರಿಚಯದವರಿಗೇ ಮಾರಿದರೂ ಅಷ್ಟೆ, ಜೊತೆಗೇ ಆರ್‌ಟಿಒಗೆ ಹೋಗಿ. ನಮ್ಮ ರಾಜ್ಯದೊಳಗೆ ಮಾರಿದರೆ 14 ದಿನದೊಳಗೆ ಮಾರಿದವರು ತಿಳಿಸಬೇಕು. ಕಾರು ಕೊಟ್ಟ ತಾರೀಖು, ಗಂಟೆ ಬರೆದು ಇಬ್ಬರೂ ಸಹಿ ಹಾಕಿ, ಒಂದು ಪ್ರತಿ ನಿಮ್ಮ ಹತ್ತಿರ ಇರಲಿ.

ಕೊನೆಗೆ ಚಿತ್ರದುರ್ಗದಲ್ಲಿ ಕಾರು ಸಿಕ್ಕಿತು. ಕೊಂಡವರು ಪಾಪ, ಬ್ರೋಕರು ಆರ್‌ಸಿ ಕಳಿಸ್ತಾನೆ ಅಂತ ಕಾಯ್ತಾ ಕೂತಿದ್ದರು. ದಂಡ ಬಾಕಿ ಇದ್ದರೆ ಟ್ರಾನ್ಸ್‌ಫರ್ ಆಗಲ್ಲ ಅಂತ ಆರ್‌ಟಿಒದಲ್ಲಿ ಅಂದರು. ನಾಲ್ಕನ್ನೂ ನಾನೇ ಕಟ್ಟಿದೆ. ಆರ್‌ಸಿಯಿಂದ ನನ್ನ ಹೆಸರು ಹೋಗುವಷ್ಟರಲ್ಲಿ ಏಳು ತಿಂಗಳಾಗಿತ್ತು.