ಎಂ.ಟೆಕ್‌ನಲ್ಲಿ ಪ್ಯಾರಲಲ್ ಮತ್ತು ಡಿಸ್ಟ್ರಿಬ್ಯೂಟೆಡ್ ಕಂಪ್ಯೂಟಿಂಗ್: ತುಮಕೂರಿನ ಒಂದು ಕಾಲೇಜಿನಲ್ಲಿ ಓದಿದ ಅನುಭವ

ತುಮಕೂರಿನ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಎಂ.ಟೆಕ್ ಮಾಡುವಾಗ ನಾನು ಐಚ್ಛಿಕವಾಗಿ ಆರಿಸಿಕೊಂಡ ಈ ವಿಷಯದಲ್ಲಿ ಪ್ಯಾರಲಲ್ ಕಂಪ್ಯೂಟಿಂಗ್ (ಒಂದು ಕೆಲಸವನ್ನು ಪ್ರೊಸೆಸರಿನ ಹಲವು ಕೋರ್‌ಗಳಿಗೆ, ಅಂದರೆ ಗಣನಾ ಘಟಕಗಳಿಗೆ, ಹಂಚಿ ಏಕಕಾಲಕ್ಕೆ ಮಾಡಿಸುವುದು) ಭಾಗದ ಬೋಧನೆ ಬಹಳ ಉತ್ತಮವಾಗಿತ್ತು. ಜಾಲದಲ್ಲಿ ಜೋಡಿಸಿದ ಹಲವು ಯಂತ್ರಗಳು ಒಂದಾಗಿ ಕೆಲಸ ಮಾಡುವುದನ್ನು ಕುರಿತ ಡಿಸ್ಟ್ರಿಬ್ಯೂಟೆಡ್ ಭಾಗ ಮಾತ್ರ ನೋಟ್ಸಿನಾಚೆಗೆ ಬರಲಿಲ್ಲ.

ಕಂಪ್ಯೂಟರ್ ವಿನ್ಯಾಸಕ ಜೀನ್ ಆಮ್ಡಾಲ್ 1967ರಲ್ಲಿ ಮಂಡಿಸಿದ ವಾದದಂತೆ, ಪ್ರೋಗ್ರಾಮಿನ ಶೇ. 5ರಷ್ಟು ಕೆಲಸ ಒಂದಾದ ಮೇಲೊಂದರಂತೆ ನಡೆಯಲೇಬೇಕಿದ್ದರೆ ಎಷ್ಟೇ ಕೋರ್‌ಗಳನ್ನು ಸೇರಿಸಿದರೂ ವೇಗ 20 ಪಟ್ಟು ದಾಟದು. 16 ಕೋರ್‌ಗಳಿಂದ ದೊರೆಯುವುದು ಸುಮಾರು 9 ಪಟ್ಟು ಮಾತ್ರ. ನಮ್ಮ ಅಧ್ಯಾಪಕರು ಈ ಸೂತ್ರವನ್ನು ಬೋರ್ಡಿನ ಮೇಲೆ ಬರೆದು ಮುಂದೆ ಹೋಗದೆ, ಮ್ಯಾಟ್ರಿಕ್ಸ್ ಗುಣಾಕಾರವನ್ನು ಓಪನ್‌ಎಂಪಿಯಲ್ಲಿ (ಕೆಲಸವನ್ನು ಒಂದೇ ಯಂತ್ರದ ಕೋರ್‌ಗಳಿಗೆ ಹಂಚುವ ಸಾಧನ) ಬರೆಸಿ, ಥ್ರೆಡ್‌ಗಳನ್ನು, ಅಂದರೆ ಏಕಕಾಲಕ್ಕೆ ಓಡುವ ಕೆಲಸದ ಎಳೆಗಳನ್ನು, ಹೆಚ್ಚಿಸುತ್ತ ಪ್ರತಿ ಸಲವೂ ಸಮಯ ಅಳೆಯಿಸಿ, ಗ್ರಾಫ್ ಎಲ್ಲಿ ಬಾಗುತ್ತದೆ, ಏಕೆ ಬಾಗುತ್ತದೆ ಎಂಬುದಕ್ಕೆ ಲಿಖಿತ ವಿವರಣೆ ಕೇಳುತ್ತಿದ್ದರು. ಎರಡು ಥ್ರೆಡ್‌ಗಳು ಬೇರೆ ಬೇರೆ ವೇರಿಯಬಲ್‌ಗಳನ್ನೇ ಬದಲಿಸುತ್ತಿದ್ದರೂ ಅವು ಒಂದೇ ಕ್ಯಾಶ್ ಲೈನಿನಲ್ಲಿದ್ದರೆ (ಪ್ರೊಸೆಸರ್ ತನ್ನ ವೇಗದ ಸ್ಮೃತಿಗೆ ಒಮ್ಮೆಗೆ ತರುವ ದತ್ತಾಂಶದ ತುಣುಕು) ಆ ಲೈನು ಕೋರ್‌ಗಳ ನಡುವೆ ಅತ್ತಿತ್ತ ಓಡಾಡಿ ಪ್ರೋಗ್ರಾಮು ನಿಧಾನವಾಗುತ್ತದೆಂಬುದು ನನಗೆ ಮನದಟ್ಟಾದದ್ದು ಈ ಅಳತೆಗಳಿಂದಲೇ. ಸಾಮಾನ್ಯ ಪ್ರೊಸೆಸರ್‌ಗಳಲ್ಲಿ ಆ ಲೈನಿನ ಗಾತ್ರ 64 ಬೈಟ್. ನಡುವೆ ಅಷ್ಟು ಜಾಗ ಬಿಟ್ಟರೆ ಸಮಯ ಕಣ್ಣಿಗೆ ಕಾಣುವಷ್ಟು ಇಳಿಯುತ್ತದೆ. ಲ್ಯಾಬಿನ ಸಾಧಾರಣ ಕಂಪ್ಯೂಟರ್‌ಗಳನ್ನು ಸ್ವಿಚ್ಚಿಗೆ ಜೋಡಿಸಿ ಯಂತ್ರಗಳು ಪರಸ್ಪರ ಸಂದೇಶ ಕಳಿಸಿ ಕೆಲಸ ಹಂಚಿಕೊಳ್ಳುವ ಎಂಪಿಐ ಪ್ರೋಗ್ರಾಮುಗಳನ್ನೂ ಓಡಿಸಿದೆವು. ಜಿಪಿಯು (ಗ್ರಾಫಿಕ್ಸ್ ಪ್ರೊಸೆಸರ್) ಪಾಠ ಚಿಕ್ಕದು, ಆದರೆ ಸಾಕಾಗುವಷ್ಟಿತ್ತು.

ಇಷ್ಟೆಲ್ಲ ಸಲಕರಣೆ ಕೈಯಲ್ಲಿದ್ದೂ ಎರಡನೆಯ ಭಾಗವನ್ನು ಪರೀಕ್ಷೆಯ ಹತ್ತು ಅಂಕದ ಉತ್ತರಗಳಾಗಿ ಮುಗಿಸಿದ್ದು ನನಗೆ ಈಗಲೂ ಬೇಸರದ ಸಂಗತಿ. ಕಂಪ್ಯೂಟರ್ ವಿಜ್ಞಾನಿ ಲೆಸ್ಲಿ ಲ್ಯಾಂಪೋರ್ಟ್ 1978ರಲ್ಲಿ ವಿವರಿಸಿದ ತಾರ್ಕಿಕ ಗಡಿಯಾರಗಳನ್ನೂ (ಬೇರೆ ಬೇರೆ ಯಂತ್ರಗಳ ಘಟನೆಗಳಿಗೆ ಕ್ರಮ ಕೊಡುವ ಎಣಿಕೆಗಳು), ಯಂತ್ರಗಳು ಒಮ್ಮತಕ್ಕೆ ಬರಲು ಬಳಸುವ ರಾಫ್ಟ್ ವಿಧಾನದ ನಾಯಕ ಆಯ್ಕೆಯನ್ನೂ ನಾವು ಬಾಯಿಪಾಠ ಮಾಡಿದೆವೇ ಹೊರತು, ನಡೆಯುತ್ತಿರುವ ಒಂದು ಯಂತ್ರದ ಕೇಬಲ್ ಕಿತ್ತು ಉಳಿದವು ಏನು ಮಾಡುತ್ತವೆಂದು ನೋಡಲಿಲ್ಲ. ಉತ್ತರ ಕೊಡದ ಯಂತ್ರ ಸತ್ತಿದೆಯೋ, ಬರೀ ತಡವಾಗುತ್ತಿದೆಯೋ ಎಂದು ಜಾಲದ ಇನ್ನೊಂದು ತುದಿಯಿಂದ ಖಚಿತವಾಗಿ ಹೇಳಲಾಗದು. ಈ ಶಾಸ್ತ್ರದ ಬಹುಪಾಲು ತೊಡಕುಗಳು ಹುಟ್ಟುವುದೇ ಅಲ್ಲಿ. ಅದನ್ನು ತೋರಿಸಲು ಅದೇ ಲ್ಯಾಬಿನ ಒಂದು ಮಧ್ಯಾಹ್ನ ಸಾಕಿತ್ತು.

ಈ ವಿಷಯವನ್ನು ಆರಿಸಿಕೊಳ್ಳುವವರಿಗೆ ಸಿ ಭಾಷೆ ಮತ್ತು ಆಪರೇಟಿಂಗ್ ಸಿಸ್ಟಮ್ ಚೆನ್ನಾಗಿ ಗೊತ್ತಿರಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಸ್ಥಾಪನೆಯಾದ, 3.3 ಪೆಟಾಫ್ಲಾಪ್ (ಒಂದು ಪೆಟಾಫ್ಲಾಪ್ ಎಂದರೆ ಸೆಕೆಂಡಿಗೆ ಸಾವಿರ ಲಕ್ಷ ಕೋಟಿಯ ಹತ್ತನೇ ಒಂದರಷ್ಟು, ಅಂದರೆ ನೂರು ಲಕ್ಷ ಕೋಟಿ ಹತ್ತು ಪಟ್ಟು ಲೆಕ್ಕಗಳು) ಸಾಮರ್ಥ್ಯದ ಪರಮ್ ಪ್ರವೇಗ ಸೂಪರ್‌ಕಂಪ್ಯೂಟರಿನಂಥ ಯಂತ್ರ ನಮ್ಮೂರಿನಲ್ಲಿಲ್ಲವೆಂದು ಹಿಂಜರಿಯಬೇಕಿಲ್ಲ, ನಾಲ್ಕು ಕೋರ್‌ಗಳ ಲ್ಯಾಪ್‌ಟಾಪಿನಲ್ಲೇ ಬಹುತೇಕ ಪ್ರಯೋಗಗಳು ಸಾಧ್ಯ. ಸೇರುವ ಮುನ್ನ ಕಾಲೇಜಿನಿಂದ ಲ್ಯಾಬ್ ಪ್ರಯೋಗಗಳ ಪಟ್ಟಿಯನ್ನು ಕೇಳಿ ಪಡೆಯಿರಿ. ಯಂತ್ರವೊಂದು ಕೆಟ್ಟಾಗ ವ್ಯವಸ್ಥೆ ಹೇಗೆ ನಡೆಯುತ್ತದೆಂಬ ಪ್ರಯೋಗ ಅದರಲ್ಲಿ ಇಲ್ಲದಿದ್ದರೆ, ಮೊದಲ ವಾರದಲ್ಲೇ ಅಧ್ಯಾಪಕರಲ್ಲಿ ಅದಕ್ಕಾಗಿ ವಿನಂತಿಸಿ.