ಅಟ್ಟದ ಡಬ್ಬಿಯಿಂದ ಸ್ಲ್ಯಾಬಿನವರೆಗೆ: ಹಳೆಯ ಕ್ರಿಕೆಟ್ ಕಾರ್ಡುಗಳ ಗ್ರೇಡಿಂಗ್, ಆರು ವರ್ಷಗಳ ಅನುಭವ

ತೀರ್ಥಹಳ್ಳಿ ಸಮೀಪದ ನಮ್ಮ ಮನೆಯಲ್ಲಿ, ಒಲೆಯ ಮೇಲಿನ ಅಟ್ಟದಲ್ಲಿದ್ದ ಬಿಸ್ಕತ್ತಿನ ಡಬ್ಬಿಯೊಳಗೆ ಅಜ್ಜ ಕೂಡಿಟ್ಟಿದ್ದ, ಸಿಗರೇಟು ಪೊಟ್ಟಣದೊಳಗೆ ಬರುತ್ತಿದ್ದ 11 ಚಿತ್ರದ ಕಾರ್ಡುಗಳು ಸಿಕ್ಕಿದವು. ಜಾನ್ ಪ್ಲೇಯರ್ ಅಂಡ್ ಸನ್ಸ್ ಕಂಪನಿ 1938ರಲ್ಲಿ ಹೊರತಂದ, 50 ಕಾರ್ಡುಗಳ ಕ್ರಿಕೆಟಿಗರ ಸರಣಿಯವು ಅವು. ಬ್ರಾಡ್‌ಮನ್ ಕೂಡ ಇದ್ದರು. ಹೊಗೆಯ ಬಿಸಿಗೆ ಬೂಷ್ಟು ಹಿಡಿದಿರಲಿಲ್ಲ. ಆದರೆ ಆಲ್ಬಮ್ಮಿಗೆ ಅಂಟಿಸಲೆಂದು ಈ ಕಾರ್ಡುಗಳ ಬೆನ್ನಿಗೆ ಗೋಂದು ಸವರಿರುತ್ತದೆ. ಯಾವುದೋ ಮಳೆಗಾಲದಲ್ಲಿ ಎರಡು ಕಾರ್ಡು ಒಂದಕ್ಕೊಂದು ಅಂಟಿ, ಬಿಡಿಸುವಾಗ ಒಂದರ ಹಿಂಬದಿಯ ಕಾಗದ ಕಿತ್ತು ಬಂದಿತ್ತು. ಕಾರ್ಡಿನ ಸ್ಥಿತಿ ನೋಡಿ ಅಂಕ ಕೊಟ್ಟು (ಇದೇ ಗ್ರೇಡಿಂಗ್), ಸ್ಲ್ಯಾಬ್ ಎಂಬ ಮುಚ್ಚಿದ ಪ್ಲಾಸ್ಟಿಕ್ ಕವಚದಲ್ಲಿಟ್ಟು ಹಿಂತಿರುಗಿಸುವ ಸಂಸ್ಥೆಗಳಿವೆ. ಎದುರು ಎಷ್ಟೇ ಚೆಂದವಿದ್ದರೂ ಇಂಥ ಕಾರ್ಡಿಗೆ ಅಲ್ಲಿ ಕಡಿಮೆ ಅಂಕವೇ ಗತಿ. ಅದನ್ನು ಕಳುಹಿಸಿ ಶುಲ್ಕ ಕಳೆದುಕೊಂಡ ಮೇಲೆ ನನಗೆ ಬುದ್ಧಿ ಬಂತು.

ಹೆಸರಾದ ಗ್ರೇಡಿಂಗ್ ಸಂಸ್ಥೆಗಳೆಂದರೆ ಎಸ್‌ಜಿಸಿ, ಬೆಕೆಟ್ ಮತ್ತು 1991ರಲ್ಲಿ ಆರಂಭವಾದ ಪಿಎಸ್‌ಎ. ಮೂರೂ ಅಮೆರಿಕದವು, ಮೂರೂ ಹತ್ತರ ಮಾಪನದಲ್ಲಿ ಅಂಕ ಕೊಡುತ್ತವೆ. ಚಿತ್ರ ಕಾರ್ಡಿನ ಸರಿ ನಡುವೆ ಇದೆಯೇ ಎಂಬುದಕ್ಕೆ, ಮೂಲೆ, ಅಂಚು, ಮೇಲ್ಮೈಗಳಿಗೆ ಪ್ರತ್ಯೇಕ ಉಪಾಂಕ ನೀಡುವುದು ಬೆಕೆಟ್‌ನ ವಿಶೇಷ. ಬಿಳಿ ಅಂಚಿನ ಹಳೆಯ ಕಾರ್ಡು ಎಸ್‌ಜಿಸಿಯ ಕಪ್ಪು ಚೌಕಟ್ಟಿನಲ್ಲಿ ಎದ್ದು ಕಾಣುತ್ತದೆ. 2024ರಲ್ಲಿ ಪಿಎಸ್‌ಎಯ ಮಾತೃಸಂಸ್ಥೆಯೇ ಎಸ್‌ಜಿಸಿಯನ್ನು ಕೊಂಡಿರುವುದರಿಂದ, ಆ ಎರಡರ ಪೈಪೋಟಿ ಈಗ ಒಂದೇ ಮನೆಯ ಅಣ್ಣತಮ್ಮಂದಿರದು.

ಹಳೆಯ ಕಾರ್ಡಿನ ವಿಷಯದಲ್ಲಿ ನಾವು ಹಣ ಕೊಡುವುದು ಅಂಕಕ್ಕಿಂತ ಹೆಚ್ಚಾಗಿ, ಅದು ಅಸಲಿಯೇ, ಅಂಚು ಕತ್ತರಿಸಲ್ಪಟ್ಟಿದೆಯೇ ಎಂಬ ತೀರ್ಪಿಗೆ. ಆ ತೀರ್ಪೂ ತಪ್ಪಬಹುದು: ಪಿಎಸ್‌ಎ ಮೊಟ್ಟಮೊದಲು ಗ್ರೇಡ್ ಮಾಡಿ 8 ಅಂಕ ಕೊಟ್ಟಿದ್ದ, ಅಮೆರಿಕದ ಬೇಸ್‌ಬಾಲ್ ಆಟಗಾರ ಹೋನಸ್ ವ್ಯಾಗ್ನರ್ ಅವರ ಕಾರ್ಡಿನ ಅಂಚನ್ನು ತಾನೇ ಕತ್ತರಿಸಿದ್ದಾಗಿ ಹರಾಜುದಾರ ಬಿಲ್ ಮಾಸ್ಟ್ರೊ 2013ರಲ್ಲಿ ಒಪ್ಪಿಕೊಂಡರು. ನನ್ನ ಬ್ರಾಡ್‌ಮನ್ ಅಂಕವಿಲ್ಲದೆ, ‘ಅಥೆಂಟಿಕ್’ (ಅಸಲಿ) ಎಂಬ ಚೀಟಿಯೊಂದಿಗಷ್ಟೇ ಮರಳಿದಾಗ ಬೇಸರವಾಯಿತು. ಸ್ಲ್ಯಾಬಿನ ಮೇಲಿಂದಲೇ ಅಳೆದು ನೋಡಿದೆ. ಉಳಿದ ಕಾರ್ಡುಗಳಿಗಿಂತ ಅರ್ಧ ಮಿಲಿಮೀಟರ್ ಗಿಡ್ಡ. ಭೂತಗನ್ನಡಿಯಲ್ಲಿ ಕೆಳಗಿನ ಅಂಚು ಕತ್ತರಿ ನಿಂತು ಮುಂದುವರಿದಂತೆ ಎರಡು ಕಡೆ ಮುರಿದಿತ್ತು. ಪ್ರಾಯಶಃ ಅಜ್ಜನ ಕೈಕೆಲಸವೇ. ಸಂಸ್ಥೆ ಕಂಡದ್ದನ್ನು ನಾನು ಕಂಡಿರಲಿಲ್ಲ.

ನಿಜವಾದ ತೊಂದರೆ ಆದದ್ದು ನಡುವಿನವರಿಂದ. ಹಲವರ ಕಾರ್ಡುಗಳನ್ನು ಒಟ್ಟಿಗೆ ಕಳುಹಿಸುವ ಮಧ್ಯವರ್ತಿಯೊಬ್ಬರು, ನಾನು ಅರೆಗಟ್ಟಿ ಪ್ಲಾಸ್ಟಿಕ್ ಹೋಲ್ಡರಿನಲ್ಲಿ ಕೊಟ್ಟಿದ್ದ ಕಾರ್ಡನ್ನು ಗಟ್ಟಿ ಹೋಲ್ಡರಿಗೆ ಬದಲಾಯಿಸಿ ಒಂದು ಮೂಲೆ ಮಡಚಿದರು. ವಾಪಸಾತಿಗೆ ಏಳು ತಿಂಗಳಾಯಿತು. ಕಳುಹಿಸುವ ಮುನ್ನ ಪ್ರತಿ ಕಾರ್ಡಿನ ಎರಡೂ ಬದಿಯ ಚಿತ್ರ ತೆಗೆದಿಟ್ಟಿರದಿದ್ದರೆ ವಾದಿಸಲು ನನ್ನ ಬಳಿ ಏನೂ ಇರುತ್ತಿರಲಿಲ್ಲ. ಕಳುಹಿಸುವಾಗ ನಾವು ಬರೆದುಕೊಡುವ ಕಾರ್ಡಿನ ಘೋಷಿತ ಮೌಲ್ಯದ ಮೇಲೆ ಶುಲ್ಕದ ದರ್ಜೆ ನಿಂತಿರುವುದರಿಂದ, ಅದನ್ನು ಬರೆಯುವ ಕೆಲಸವನ್ನೂ ಈಗ ಇತರರಿಗೆ ಬಿಡುವುದಿಲ್ಲ.

ಸ್ಲ್ಯಾಬಿನ ಬಗ್ಗೆ ನಮ್ಮ ಸೀಮೆಯವರಿಗೆ ಒಂದು ಮಾತು. ಅಂಚನ್ನು ಬೆಸೆದು ಮುಚ್ಚಿದ್ದರೂ ಅದು ಗಾಳಿಯಾಡದ ಪೆಟ್ಟಿಗೆಯಲ್ಲ. ಆಷಾಢದಲ್ಲಿ ಗೋಡೆಯ ಬೀರುವಿನಲ್ಲಿಟ್ಟ ಒಂದರೊಳಗೆ ಕಾರ್ಡು ಬಿಲ್ಲಿನಂತೆ ಬಾಗಿತ್ತು. ಈಗ ರಬ್ಬರ್ ಅಂಚಿನ ಸ್ಟೀಲ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡುತ್ತೇನೆ. ಮಾರುವ ಉದ್ದೇಶದ ಮೂರನ್ನು ಮಾತ್ರ ಅಡಿಕೆಯ ಕೊನೆಕೊಯ್ಲು ಮುಗಿದ ಮೇಲೆ, ಒಣ ಹವೆಯಲ್ಲಿ, ನಾನೇ ನೇರವಾಗಿ ಪಿಎಸ್‌ಎಗೆ ಕಳುಹಿಸಲಿದ್ದೇನೆ.